ಮುಶಿ ಮಾರದ ಮಾವಶಿ

ಮುಂಬಯಿಯ ವಡಾಲದ ಮಾರ್ಕೆಟ್ಟಿನಲ್ಲಿ ನನ್ನ ಸೊಪ್ಪಿನ ಬುಟ್ಟಿಯ ಪಕ್ಕ ಮೀನು ಮಾರುತ್ತಿದ್ದ ಮಾವಶಿ, ಚಹಾದ ಗ್ಲಾಸನ್ನೂ ಹೊಳ್ಳೆ ಅರಳಿಸಿ ಮೂಸದೆ ತುಟಿಗೆ ಮುಟ್ಟಿಸುತ್ತಿರಲಿಲ್ಲ. ಐಸನ್ನು ಮೂಸುವಳು, ನಾನು ಪುಕ್ಕಟೆ ಕೊಟ್ಟ ಕೊತ್ತಂಬರಿಯನ್ನೂ ಮೂಸುವಳು. ಬೋಟಿನವರು, ಗಿರಾಕಿಗಳು, ದೇವರ ಹೆಸರಲ್ಲಿ ವರ್ಗಣಿ ಕೇಳುವವರು, ಯಾರ ಮೇಲೂ ನಂಬಿಕೆ ಇಲ್ಲ. ಮನೆಮಾತು ಮರಾಠಿ, ಮಾವಶಿ ಎಂದರೆ ಅವರಲ್ಲಿ ಚಿಕ್ಕಮ್ಮ; ವಿಜಯಪುರದ ನಮ್ಮಂಥ ಹೆಂಗಸರ ನಡುವೆ ಕೂತು ನಮ್ಮ ಮಾತು ಕಲಿತಿದ್ದಳು.

ಮೊಮ್ಮಕ್ಕಳೇ, ಆಮೆ, ಶಾರ್ಕ್ ಎರಡೂ ಅಳಿಯುತ್ತಿವೆ ಎಂದು ಶಾಲೆಯಲ್ಲಿ ನಿಮಗೆ ಕಲಿಸಿದರಂತೆ. ನನಗೆ ಅದನ್ನು ಹೇಳಿದವಳು ಮಾವಶಿ. ಆಕೆಯ ಮನೆಯವರು ಬಲೆಗೆ ಆಮೆ ಸಿಕ್ಕರೆ ದೇವರೆಂದು ಕುಂಕುಮ ಹಚ್ಚಿ, ಕಾಯಿ ಒಡೆದು ಕಡಲಿಗೆ ಬಿಡುತ್ತಿದ್ದರು. ಮುಶಿ, ಅಂದರೆ ಸಣ್ಣ ಶಾರ್ಕ್, ಸಿಕ್ಕರೆ ಮಾರ್ಕೆಟ್ಟಿಗೆ. ಒಂದು ದಿನ ಸೀಳಿದ ಮುಶಿಯ ಹೊಟ್ಟೆಯಲ್ಲಿ ಮರಿಗಳಿದ್ದವು. ಅಂದಿನಿಂದ ಆಕೆ ಮುಶಿ ಮಾರಲಿಲ್ಲ.

“ಆಮಿ ಮರಳಾಗ ರಾಶಿ ತತ್ತಿ ಇಟ್ಟು ಹೋಗ್ತದ. ಇದು ನಮ್ಮಂಗ ಹೊಟ್ಟ್ಯಾಗ ಹೊತ್ತು ನಾಕೈದು ಹಡೀತದ. ಅದಕ್ಕ ಕುಂಕುಮ, ಇದಕ್ಕ ಮಸಾಲಿ. ಯಾವ ನ್ಯಾಯ, ಬಾಯಿ?” ಎಂದು ನನ್ನನ್ನು ಕೇಳಿದಳು.

ಮುಶಿಯನ್ನು ಗ್ರಾಂಟ್ ರೋಡಿನ ಹೋಟೆಲ್ಲಿಗೆ ಗುಟ್ಟಾಗಿ ಮಾರುತ್ತಾಳೆಂದು ಮಾರ್ಕೆಟ್ಟೆಲ್ಲ ಆಡಿಕೊಂಡಿತು. ನನಗೂ ಅನುಮಾನವಿತ್ತು.

ಅದೇ ವರ್ಷ ನಿಮ್ಮ ಅವ್ವ ಚೊಚ್ಚಲು ಹಡೆದಳು. ಎದೆಹಾಲು ಇಳಿಯಲಿಲ್ಲ. ಕೂಸು ಅತ್ತು ಅತ್ತು ಸೊರಗಿತು. ಮುಶಿಯ ಸಾರು ಉಣ್ಣಿಸಿದರೆ ಹಾಲು ಬರುತ್ತದೆಂದು ಎಲ್ಲರೂ ಹೇಳುವವರೇ. ನಾಚಿಕೆ ಬಿಟ್ಟು ಮಾವಶಿಗೆ ಸೆರಗೊಡ್ಡಿದೆ. ಇಲ್ಲ ಎಂದುಬಿಟ್ಟಳು. ಯಾರಿಗೋ ಎತ್ತಿಟ್ಟಿದ್ದಾಳೆ ಎನಿಸಿ ಮುಖ ತಿರುಗಿಸಿ ಕೂತೆ.

ಸಂಜೆ ಆಕೆ ಬರಿಗೈಯಲ್ಲಿ ನಮ್ಮ ಚಾಳಿನ ಮನೆಗೆ ಬಂದಳು. ಬಾಣಂತಿಯ ತಟ್ಟೆ ಮೂಸಿದಳು, ತಂಬಿಗೆ ಎತ್ತಿ ನೋಡಿದಳು. ನೀರೆಷ್ಟು ಕುಡಿಯುತ್ತಾಳೆ ಎಂದು ಕೇಳಿದಳು. ಬಾಣಂತಿಗೆ ನೀರು ಕಡಿಮೆ ಕೊಡುವುದು ನಮ್ಮ ಕಡೆಯ ರೂಢಿ ಎಂದೆ.

“ಮುಶಿ ತಿಂದ್ರ ಹಾಲು ಬರ್ತದಂತ ಊರಿಗೆಲ್ಲ ಹೇಳಿದಾಕಿ ಯಾರು? ನಾನ. ಮೀನು ಮಾರಾಕಿ ಮತ್ತೇನು ಹೇಳ್ತಾಳ? ನನ್ನ ಮಾತೂ ನಂಬಬ್ಯಾಡ. ನೀರಿಲ್ದ ಹಾಲು ಎಲ್ಲಿಂದ ಬರಬೇಕು?”

ತಾನೇ ನೀರು ಕಾಯಿಸಿ ಕುಡಿಸಿದಳು. ಹೊಟ್ಟೆ ತುಂಬ ಉಣ್ಣಿಸಿ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿಸಿದಳು. ವಾರದೊಳಗೆ ಹಾಲಿಳಿಯಿತು. ಆ ಕೂಸೇ ನಿಮ್ಮಲ್ಲಿ ಹಿರಿಯವಳು.

ಹೋದ ಮಳೆಗಾಲದಲ್ಲಿ ಮಾವಶಿ ತೀರಿಕೊಂಡಳು. ಆ ಜಾಗದಲ್ಲಿ ಈಗ ಆಕೆಯ ಸೊಸೆ ಕೂತು ಮುಶಿ ಮಾರುತ್ತಾಳೆ. ಬಾಣಂತಿಗೆಂದು ಯಾರಾದರೂ ಕೇಳಿದರೆ, ನಾಲ್ಕು ಜನರ ಮುಂದೆ ಬಾಯಿ ತೆರೆಯದ ನಾನು ಎದ್ದು ಹೋಗಿ, ಮೊದಲು ನೀರು ಕುಡಿಸಿರಿ ಎನ್ನುತ್ತೇನೆ. ಗಿರಾಕಿ ಕೆಡಿಸಲು ಯಾರೋ ನನ್ನನ್ನು ಎತ್ತಿಕಟ್ಟಿದ್ದಾರೆಂದು ಸೊಸೆಗೆ ಸಂಶಯ. ನಿನ್ನ ಅತ್ತೆಯೇ ಹೇಳಿದ್ದು ಎಂದರೂ ನಂಬುವುದಿಲ್ಲ.