ಅವ್ವ ಸತ್ತ ಮೇಲೆ ಬರುವ ಜಾದೂ

ಬೆಳಗಿನ ಐದೂವರೆ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಉಜ್ವಲಾ ಪುಟ್ಟ ವಾಚನಾಲಯದ ಬಾಗಿಲು ತೆಗೆದು, ರಾತ್ರಿಯಿಡೀ ಕೂತ ನೂಲಿನ ಧೂಳು ಗುಡಿಸುತ್ತಾರೆ. ಏಳಕ್ಕೆ ಸುತ್ತಲಿನ ಮಗ್ಗಗಳು ಶುರುವಾದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಅಷ್ಟರೊಳಗೆ ಮಕ್ಕಳಿಗೆ ಕಥೆ ಓದಿ ಮುಗಿಸಬೇಕು. ಇಂದು ನಾನು ನೋಡಲು ಬಂದಿದ್ದೇನೆ; ಚಾಪೆಯ ಮೇಲೆ ಐದು ಮಕ್ಕಳಿದ್ದಾರೆ. ಹೋದ ವರ್ಷ ಇಪ್ಪತ್ತು ಬರುತ್ತಿದ್ದರು.

ನಲವತ್ನಾಲ್ಕರ ಉಜ್ವಲಾ ಸಮೀರವಾಡಿಯಿಂದ ನೇಕಾರರ ಮನೆಗೆ ಸೊಸೆಯಾಗಿ ಬಂದವರು. ಹದಿನೇಳು ವರ್ಷದಿಂದ ಈ ವಾಚನಾಲಯ ಅವರದೇ ಕೈಯಲ್ಲಿದೆ. ಮಕ್ಕಳ ಕಪಾಟಿನಲ್ಲಿ ಜಾದೂವಿನ ಕಾದಂಬರಿಗಳೇ ಮೂವತ್ತೊಂದು. ಎಲ್ಲವೂ ಒಬ್ಬ ಹುಡುಗನಿಗೋ ಹುಡುಗಿಗೋ ಇದ್ದಕ್ಕಿದ್ದಂತೆ ಮಂತ್ರಶಕ್ತಿ ಸಿಗುವ ಕಥೆಗಳು. ಒಂದು ಮುಗಿದ ಮೇಲೆ ಇನ್ನೊಂದರ ಪಕ್ಕ ಇಟ್ಟು ಹೋಲಿಸಲು ಮಕ್ಕಳಿಗೆ ಕಲಿಸಿದವರು ಇವರೇ.

ಹೋಲಿಸುವುದರಲ್ಲಿ ಮುಂದಿದ್ದವಳು ಆರನೆಯ ತರಗತಿಯ ಉಮಾಶ್ರೀ. ಒಂದು ಕಾದಂಬರಿಯ ಹುಡುಗನಿಗೆ ಗಾಳಿ ನಿಲ್ಲಿಸುವ ಶಕ್ತಿ ಹುಟ್ಟಿನಿಂದಲೇ ಇತ್ತು. ಇನ್ನೊಂದರ ಹುಡುಗಿ ಹಕ್ಕಿಗಳ ಭಾಷೆಯನ್ನು ಕಷ್ಟಪಟ್ಟು ಕಲಿತಳು. ಯಾವುದು ಛಲೋ ಎಂದು ಕೇಳಿದಾಗ ಉಮಾಶ್ರೀ ಥಟ್ಟನೆ ಹೇಳಿದ್ದಳಂತೆ: “ಎರಡನೇದ್ರಿ ಅಕ್ಕಾರ. ಹುಟ್ಟತಾನ ಬರಬೇಕಂದ್ರ ನಮಗ ಎಲ್ಲಿಂದ ಬರ್ತೈತಿ? ಕಲತ್ರ ಬರ್ತೈತಿ ಅಂದ್ರ ನಾವೂ ಕಲೀಬೌದು.”

ಹೋದ ದೀಪಾವಳಿಗೆ ಅವಳ ತಾಯಿ ಸತ್ಯವ್ವ ಕಾಮಾಲೆಯಿಂದ ತೀರಿಕೊಂಡರು. ಹನ್ನೆರಡು ದಿನ ಕಳೆದು ಬಂದ ಹುಡುಗಿ ಉಳಿದ ಮಕ್ಕಳೆಲ್ಲ ಎದ್ದು ಹೋಗುವ ತನಕ ಕಾದಳು.

“‘ಅಕ್ಕಾರ, ಅವ್ವ ಸತ್ತ ಎಷ್ಟ ದಿನಕ್ಕ ಜಾದೂ ಬರ್ತೈತ್ರಿ? ನನಗ ಇನ್ನೂ ಬಂದಿಲ್ಲ’ ಅಂತ ಕೇಳಿದ್ಳು,” ಎನ್ನುತ್ತಾರೆ ಉಜ್ವಲಾ. “ನಾ ‘ಅವು ಬರೇ ಕಥಿ, ತಂಗಿ’ ಅಂದಬಿಟ್ಟೆ. ಹಂಗ ಅನಬಾರದಿತ್ತು.”

ಮರುದಿನದಿಂದ ಉಮಾಶ್ರೀ ಬರಲಿಲ್ಲ. ಆಮೇಲೆ ಶಾಲೆಯನ್ನೂ ಬಿಟ್ಟಳು.

ಶಾಲೆ ಬಿಟ್ಟ ಸುದ್ದಿ ಕೇಳಿದ ದಿನ ಉಜ್ವಲಾ ಕಪಾಟಿನ ಮುಂದೆ ಕೂತು ಮೂವತ್ತೊಂದೂ ಪುಸ್ತಕಗಳನ್ನು ತೆರೆದು ನೋಡಿದರು. ಇಪ್ಪತ್ತಾರರಲ್ಲಿ ಹತ್ತನೆಯ ಪುಟದೊಳಗೇ ತಾಯಿ ಸತ್ತಿದ್ದಳು, ಇಲ್ಲವೇ ಕಾಣೆಯಾಗಿದ್ದಳು. ತಾಯಿ ಬದುಕಿದ್ದ ಐದರಲ್ಲಿ ನಾಲ್ಕು ಗಂಡುಹುಡುಗರ ಕಥೆ. “ಇಷ್ಟ ವರ್ಷ ನಾನ ಓದಿ ಹೇಳೇನಿ. ಒಂದ ದಿನಾನೂ ಕಣ್ಣಿಗೆ ಬಿದ್ದಿರ್ಲಿಲ್ಲ,” ಎನ್ನುತ್ತಾರೆ.

ತಾಯಿ ಬದುಕಿರುವ ಹುಡುಗಿಯ ಕಥೆ ಎಂದು ಉಳಿದ ಒಂದೇ ಪುಸ್ತಕ ಹಿಡಿದು ಅವರು ಹುಡುಗಿಯ ಮನೆಗೆ ಹೋದರು. ಉಮಾಶ್ರೀ ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ತಂದೆ ಶಿವಯೋಗೆಪ್ಪ ಮಗ್ಗ ನಿಲ್ಲಿಸಿ, ಕುಳಿತುಕೊಳ್ಳಲು ಮಣೆ ಕೊಟ್ಟರು. ಮಗಳನ್ನು ಶಾಲೆಗೆ ಕಳಿಸಿ ಎಂದಾಗ ಅವರು ಸಿಟ್ಟಾಗಲಿಲ್ಲ. “ಕಳಸ್ಬೇಕಂತ ನನಗೂ ಐತ್ರಿ ಬಾಯಾರ. ಸಣ್ಣ ಕೂಸು ತೊಟ್ಟಲದಾಗೈತಿ. ಅದನ್ನ ಯಾರ ಕೈಯಾಗ ಕೊಡ್ಲಿ?” ಎಂದು ಕೇಳಿದರು. ಉಜ್ವಲಾ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟರು.

ಉಮಾಶ್ರೀ ನಿಂತಲ್ಲೇ ಪುಸ್ತಕದ ಮೊದಲ ಪುಟ ಓದಿದಳು. ಓದಿ ಮರಳಿ ಕೊಟ್ಟಳು.

“ಇಕಿ ಅವ್ವ ಅದಾಳಲ್ರಿ ಅಕ್ಕಾರ. ಮತ್ತ ಇಕಿಗೆ ಜಾದೂ ಯಾಕ ಬೇಕು?”

ಅದಾಗಿ ಏಳು ತಿಂಗಳು. ಉಜ್ವಲಾ ಇನ್ನೆರಡು ಸಲ ಹೋಗಿ ಬಂದಿದ್ದಾರೆ. ಎರಡೂ ಸಲ ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ಈಗ ಕಥೆ ಓದುವಾಗ ಅವರು ತಾಯಿ ಸಾಯುವ ಪುಟಗಳನ್ನು ಬಿಟ್ಟುಬಿಡುತ್ತಾರೆ. ಇವನ ಅವ್ವ ಎಲ್ಲಿ ಎಂದು ಯಾವುದಾದರೂ ಮಗು ಕೇಳಿದರೆ, ಊರಿಗೆ ಹೋಗ್ಯಾಳ ಎನ್ನುತ್ತಾರೆ. ಹಾಗೆ ಓದಿದ ಕಥೆ ಮಕ್ಕಳಿಗೂ ರುಚಿಸುವುದಿಲ್ಲ. ಒಬ್ಬೊಬ್ಬರಾಗಿ ಬರುವುದು ಬಿಡುತ್ತಿದ್ದಾರೆ.

ಏಳಾಗುತ್ತದೆ. ಮೊದಲ ಮಗ್ಗ ಸದ್ದು ಮಾಡುತ್ತದೆ. ಇನ್ನು ನಿಮಗೆ ಏನಾಗಬೇಕು ಎಂದು ನಾನು ಕೇಳಿದೆ. ಸದ್ದಿನ ಮೇಲೆ ಕೇಳಿಸಲೆಂದು ಉಜ್ವಲಾ ನನ್ನ ಕಿವಿಯ ಹತ್ತಿರ ಬಂದರು.

“ಅಕಿ ಒಮ್ಮೆ ಬರ್ಲಿ ಸಾಕ್ರಿ. ನಿಮ್ಮ ಪುಸ್ತಕ ಎಲ್ಲಾ ಸುಳ್ಳು ಅಂತ ಬಾಯಿಗೆ ಬಂದಂಗ ಬೈಲಿ. ಕುಂತ ಕೇಳ್ತೇನಿ.”