ಷಡ್ಡಕನ ಪಾರ್ಸಲ್

“ಏನಜ್ಜ, ಇದ್ರಾಗೆ ನಿಂದೂ ಪಾಲೈತಾ?” ಎಂದು ಅಬಕಾರಿ ಪೇದೆ ನನ್ನ ರಟ್ಟೆ ಹಿಡಿದಾಗ ಬೆವೆತುಹೋದೆ. ಪಾವಗಡ ಬಸ್ ನಿಲ್ದಾಣದಲ್ಲಿ, ಆಂಧ್ರದ ಬಸ್ಸಿನಲ್ಲಿ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದ್ದರು. ಒಳಗೆ ಬ್ರಾಂದಿ ಬಾಟಲಿಗಳು. ಪಕ್ಕದಲ್ಲಿ ನನ್ನ ಷಡ್ಡಕ ತಿಮ್ಮಣ್ಣ ತಲೆ ತಗ್ಗಿಸಿ ನಿಂತಿದ್ದ.

ನಮ್ಮಿಬ್ಬರ ಹೆಂಡತಿಯರ ತಮ್ಮ ಗಡಿಯಾಚೆ ಆಂಧ್ರದ ಮಡಕಶಿರಾದಲ್ಲಿದ್ದಾನೆ. ಪ್ರತಿ ಮಹಾಲಯಕ್ಕೂ ಹಿರಿಯರ ಎಡೆಗೆಂದು ತಿಮ್ಮಣ್ಣನಿಗೆ ಬಾಟಲಿ ಕಳಿಸುತ್ತಿದ್ದ. ಹಿರಿಯ ಅಳಿಯನಾದ ನನಗೆ ಒಂದು ಫೋನೂ ಮಾಡುತ್ತಿರಲಿಲ್ಲ. ಅಂಗಡಿಯಲ್ಲಿ ಬಿಲ್ ಹಾಕಿಸಿ ಕೊಂಡ ಮದ್ಯವೇ ಆದರೂ ಪರವಾನಗಿಯಿಲ್ಲದೆ ಗಡಿ ದಾಟಿಸಿದರೆ ಕೇಸಾಗುತ್ತದೆಂದು ನನಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನಿಂದ ನಾನೇ ಅಬಕಾರಿಯವರಿಗೆ ಸುಳಿವು ಕೊಟ್ಟು, ತಮಾಷೆ ನೋಡಲು ಬಂದಿದ್ದೆ.

“ನಮ್ಮಣ್ಣನ್ನ ಬುಟ್ಬುಡಿ ಸಾರ್, ಅವ್ರಿಗೇನೂ ಗೊತ್ತಿಲ್ಲ” ಎಂದು ತಿಮ್ಮಣ್ಣ ಕೈಮುಗಿದ. ಜೀಪು ಹತ್ತುವಾಗ ನನ್ನತ್ತ ತಿರುಗಿ, “ನಮ್ಮನೇಲಿ ಎಡೆ ನೀನೇ ಇಕ್ಬುಡಣ್ಣ, ಹಿರೀಕ್ರು ಉಪಾಸ ಇರ್ಬಾರ್ದು” ಎಂದ.

ಅವನಪ್ಪನಿಗೆ ನಾನೇ ಎಡೆಯಿಟ್ಟೆ. ಕೇಸು ಇನ್ನೂ ನಡೆಯುತ್ತಿದೆ. ಕೋರ್ಟಿಗೆ ಜೊತೆಯಾಗಲು ಅವನು ನನ್ನನ್ನೇ ಕರೆಯುತ್ತಾನೆ. ಈ ಪತ್ರಿಕೆ ಅವನ ಮನೆಗೂ ಬರುತ್ತದೆ. ಎದುರು ಕೂತು ಹೇಳಲಾರದ್ದನ್ನು ಓದಿಕೊಳ್ಳಲಿ ಎಂದೇ ಬರೆದಿದ್ದೇನೆ.