ಬೆಳ್ಳಗಾದ ಪ್ಲಗ್

ಹಿರಿಯಡ್ಕದ ನಮ್ಮ ನೆರೆಮನೆಯ ನರ್ಸ್ ಬಾಯಿ ಪ್ರತಿ ಓಟ ಮುಗಿದ ಮೇಲೂ ತಮ್ಮ ರೇಸ್ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಕಣ್ಣು ಮುಚ್ಚಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ವೇಗಕ್ಕೆಂದು ಬೈಕಿಗೆ ಕೂಡಿಸಿದ ಸಿಲಿಂಡರಿನಿಂದ ನೈಟ್ರಸ್ ಗ್ಯಾಸ್ ಬಿಟ್ಟರೆ ಎಂಜಿನ್ ಹುಚ್ಚೆದ್ದು ಓಡುತ್ತದೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗದಿದ್ದರೆ ಮೊದಲು ಪ್ಲಗ್ ಬೆಳ್ಳಗಾಗುತ್ತದೆ, ಆಮೇಲೆ ಪಿಸ್ಟನ್ ಕರಗುತ್ತದೆ.

“ಬರೇ ಗಾಳಿ ಕೊಟ್ಟರೆ ಸಾಕಾ? ಊಟ ಬೇಡ್ವಾ?” ಎನ್ನುವುದು ಅವರ ಮಾತು.

ಕಾಪುವಿನ ಮೈದಾನದಲ್ಲಿ ರೇಸ್ ಇದ್ದ ದಿನ ನಾನೂ ಜೊತೆಗೆ ಹೋಗಿದ್ದೆ. ಅಭ್ಯಾಸದ ಓಟ ಮುಗಿಸಿ ಬಿಚ್ಚಿದರೆ ಪ್ಲಗ್ ಸುಣ್ಣದ ಹಾಗೆ ಬೆಳ್ಳಗಿತ್ತು.

“ಗ್ಯಾಸ್ ಬಂದ್ ಮಾಡಿ ಸುಮ್ಮನೆ ಓಡಿಸಿ ಬಾಯಿ,” ಎಂದರು ರೇಸ್ ನಡೆಸುವವರು. “ಹೆಂಗಸರ ಪ್ರೈಜ್ ನಿಮಗೆ ಹೇಗೂ ಉಂಟು.”

“ಹೆಂಗಸರಲ್ಲಿ ನಾನೊಬ್ಬಳೇ ಅಲ್ವಾ? ಅದು ನನಗೆ ಎಂತಕ್ಕೆ ಮಾರಾಯ್ರೆ?” ಎಂದವರೇ ನೆಲದಲ್ಲಿ ಕೂತು, ಹೆಚ್ಚು ಪೆಟ್ರೋಲ್ ಬಿಡುವ ದೊಡ್ಡ ಜೆಟ್ ಹಾಕಿದರು, ಹೊಸ ಪ್ಲಗ್ ಸಿಕ್ಕಿಸಿದರು. ಅಷ್ಟರಲ್ಲಿ ರೇಸ್ ಮುಗಿದು ವೇದಿಕೆಯಲ್ಲಿ ಭಾಷಣ ಶುರುವಾಗಿತ್ತು.

ಖಾಲಿ ಮೈದಾನದಲ್ಲಿ ಅವರೊಬ್ಬರೇ ಗ್ಯಾಸ್ ಪೂರ್ತಿ ಬಿಟ್ಟು ಓಡಿಸಿದರು. ಆ ಸದ್ದಿಗೆ ಭಾಷಣ ನಿಂತಿತು. ಮರಳಿ ಬಂದು ಹೊಸ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರು: ಒಳ್ಳೆಯ ಕಾಫಿ ಬಣ್ಣ, ಎಂಜಿನ್ನಿಗೆ ಊಟ ಸರಿಯಾಗಿ ಸಿಕ್ಕಿತ್ತು. ಅದನ್ನು ಮತ್ತೆ ಬೈಕಿಗೆ ಹಾಕಿ, ಹಳೆಯ ಬಿಳಿ ಪ್ಲಗ್ ಹಿಡಿದು ವೇದಿಕೆ ಹತ್ತಿದವರು, ಮೇಜಿನ ಮೇಲಿದ್ದ ಹೆಂಗಸರ ಪ್ರೈಜಿನ ಕಪ್ಪಿನೊಳಗೆ ಅದನ್ನು ಟಣ್ಣೆಂದು ಹಾಕಿದರು.

“ನಿಮ್ಮ ಪ್ರೈಜ್ ಇದಕ್ಕಿರಲಿ. ಊಟ ಇಲ್ಲದೆ ಓಡಿದ್ದು ಇದು.”